ಹಾಡು ‘ಗುಡ್’, ಹಾಡುವುದು ‘ವೆಲ್’: ಇಂಗ್ಲಿಷಿನ ಗುಣವಾಚಕ, ಕ್ರಿಯಾವಿಶೇಷಣಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ‘ಅಡ್ಜೆಕ್ಟಿವ್’ ಮತ್ತು ‘ಅಡ್ವರ್ಬ್’ಗಳ ಬಳಕೆಯನ್ನು ಕುರಿತೇ ಇದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಮೊದಲನೆಯದನ್ನು ಗುಣವಾಚಕವೆಂದೂ ಎರಡನೆಯದನ್ನು ಕ್ರಿಯಾವಿಶೇಷಣವೆಂದೂ ಕರೆಯುತ್ತೇನೆ.

ಪ್ರಶ್ನೆ: ಏಳನೆಯ ತರಗತಿಯಲ್ಲಿರುವ ನನ್ನ ಮಗಳು ‘ಶೀ ಸಿಂಗ್ಸ್ ಗುಡ್’ ಎಂದು ಬರೆದಿದ್ದಳು. ಶಿಕ್ಷಕರು ‘ಗುಡ್’ ಹೊಡೆದುಹಾಕಿ ‘ವೆಲ್’ ಎಂದು ತಿದ್ದಿದರು. ಮರುದಿನ ಅವಳು ‘ದಿ ಸಾಂಗ್ ಈಸ್ ವೆಲ್’ ಎಂದು ಬರೆದಾಗ ಅದರ ಕೆಳಗೂ ಕೆಂಪು ಗೆರೆ ಬಿತ್ತು. ಕನ್ನಡದಲ್ಲಿ ಎರಡು ಕಡೆಯೂ ‘ಚೆನ್ನಾಗಿ’ ಎಂದೇ ಇರುವಾಗ ಇಂಗ್ಲಿಷಿನಲ್ಲಿ ಏಕೆ ಹೀಗೆ?

ಉತ್ತರ: ನಿಮ್ಮ ಮಗಳು ಅಜಾಗರೂಕತೆಯಿಂದ ತಪ್ಪಿಲ್ಲ, ತಾಯ್ನುಡಿಯ ನಿಯಮವನ್ನು ನಂಬಿ ಬರೆದದ್ದರಿಂದ ತಪ್ಪಿದ್ದಾಳೆ. ಆದ್ದರಿಂದ ಅವಳಿಗೆ ಇಂಗ್ಲಿಷಿನ ನಿಯಮವನ್ನು ಹೇಳುವುದಕ್ಕಿಂತ ಮೊದಲು ಕನ್ನಡ ಏನು ಮಾಡುತ್ತದೆ ಎಂಬುದನ್ನು ತೋರಿಸಬೇಕು.

‘ಅವಳು ಚೆನ್ನಾಗಿ ಹಾಡುತ್ತಾಳೆ’, ‘ಹಾಡು ಚೆನ್ನಾಗಿದೆ’ ಎಂಬ ಎರಡು ವಾಕ್ಯಗಳನ್ನು ಅಕ್ಕಪಕ್ಕದಲ್ಲಿ ಬರೆದು, ಎರಡನೆಯದನ್ನು ‘ಚೆನ್ನಾಗಿ ಇದೆ’ ಎಂದು ಬಿಡಿಸಿ ನೋಡಿ. ಮೊದಲ ವಾಕ್ಯದ ‘ಚೆನ್ನಾಗಿ’ ಹಾಡುವ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳುತ್ತದೆ. ಎರಡನೆಯ ವಾಕ್ಯದಲ್ಲಿ ಅದೇ ಪದ ಹಾಡು ಎಂಬ ವಸ್ತು ಎಂಥದ್ದು ಎಂದು ಹೇಳುತ್ತದೆ. ಹೀಗೆ ನಮ್ಮ ‘ಆಗಿ’ ಒಂದೇ ರೂಪದಲ್ಲಿ ಎರಡು ಕೆಲಸ ಮಾಡುತ್ತದೆ. ಅದೇ ಪದ ನಾಮಪದದ ಹಿಂದೆ ಬಂದು ನಿಂತಾಗ ಮಾತ್ರ ‘ಆದ’ ಎಂದು ರೂಪ ಬದಲಿಸಿಕೊಳ್ಳುತ್ತದೆ: ‘ಸುಂದರವಾದ ಹೂವು’, ‘ಹೂವು ಸುಂದರವಾಗಿದೆ’, ‘ಅವಳು ಸುಂದರವಾಗಿ ಕುಣಿದಳು’. ಈ ಮೂರರಲ್ಲಿ ಕನ್ನಡ ಮೊದಲನೆಯದನ್ನು ಬೇರೆ ಮಾಡಿ, ಉಳಿದೆರಡನ್ನು ಒಂದೇ ಕಡೆ ಇಡುತ್ತದೆ. ಇಂಗ್ಲಿಷು ಮೊದಲೆರಡನ್ನು ‘ಬ್ಯೂಟಿಫುಲ್’ ಎಂಬ ಒಂದೇ ಪದದಲ್ಲಿ ಇಟ್ಟು, ಮೂರನೆಯದಕ್ಕೆ ಮಾತ್ರ ‘ಬ್ಯೂಟಿಫುಲಿ’ ಎನ್ನುತ್ತದೆ. ಗೆರೆ ಎಳೆಯುವ ಜಾಗವೇ ಬೇರೆ. ಕನ್ನಡ ಪದದ ಸ್ಥಾನ ನೋಡಿ ರೂಪ ಕೊಡುತ್ತದೆ. ವರ್ಣನೆ ವಸ್ತುವಿನದೋ ಕ್ರಿಯೆಯದೋ ಎಂದು ನೋಡಿ ರೂಪ ಕೊಡುವುದು ಇಂಗ್ಲಿಷಿನ ರೀತಿ. ನಮ್ಮವರು ಮಾಡುವ ತಪ್ಪುಗಳಲ್ಲಿ ದೊಡ್ಡ ಪಾಲು ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತದೆ ಎಂಬುದು ನನ್ನ ಅನುಭವ.

ಮಗಳಿಗೆ ಒಂದು ಪರೀಕ್ಷೆಯನ್ನು ಹೇಳಿಕೊಡಿ. ‘ಆಗಿ’ ಇರುವ ವಾಕ್ಯ ಸಿಕ್ಕಾಗ ಆ ಪದವನ್ನು ‘ಆದ’ ಎಂದು ಬದಲಿಸಿ ಕರ್ತೃಪದದ ಹಿಂದೆ ಇಟ್ಟು ನೋಡಲಿ. ‘ಹೂವು ಸುಂದರವಾಗಿದೆ’ ಎಂಬುದು ‘ಸುಂದರವಾದ ಹೂವು’ ಆದಾಗ ಅರ್ಥ ಕೆಡುವುದಿಲ್ಲ. ಹಾಗಾದರೆ ಇಂಗ್ಲಿಷಿನಲ್ಲಿ ಗುಣವಾಚಕ. ‘ಅವಳು ಸ್ಪಷ್ಟವಾಗಿ ಓದಿದಳು’ ಎಂಬುದನ್ನು ‘ಸ್ಪಷ್ಟವಾದ ಅವಳು’ ಎಂದರೆ ಅರ್ಥವೇ ಹಾಳಾಗುತ್ತದೆ, ಏಕೆಂದರೆ ಸ್ಪಷ್ಟತೆ ಇರುವುದು ಓದಿನಲ್ಲಿ. ಹಾಗಾದರೆ ಕ್ರಿಯಾವಿಶೇಷಣ, ‘ಶೀ ರೆಡ್ ಕ್ಲಿಯರ್ಲಿ’. ‘ಚೆನ್ನಾಗಿ’ ಎಂಬಲ್ಲಿ ‘ಆದ’ ಬದಲು ‘ಒಳ್ಳೆಯ’ ಎಂದು ಇಟ್ಟುಕೊಂಡರಾಯಿತು: ‘ಒಳ್ಳೆಯ ಹಾಡು’ ಸರಿಹೋಗುತ್ತದೆ, ಆದ್ದರಿಂದ ‘ದಿ ಸಾಂಗ್ ಈಸ್ ಗುಡ್’.

ಇಷ್ಟಾದ ಮೇಲೆ ಅವಳು ‘ಐ ಆಮ್ ವೆಲ್’ ಎಂಬ ವಾಕ್ಯವನ್ನು ತಂದು ತೋರಿಸಬಹುದು. ಅಲ್ಲಿ ‘ವೆಲ್’ ಎಂಬುದು ‘ಆರೋಗ್ಯವಾಗಿರುವ’ ಎಂಬ ಅರ್ಥದ ಬೇರೊಂದು ಪದ, ಅದು ಗುಣವಾಚಕವೇ. ‘ದಿ ಸಾಂಗ್ ಈಸ್ ವೆಲ್’ ಎಂದರೆ ಹಾಡಿನ ಆರೋಗ್ಯ ಸರಿಯಾಗಿದೆ ಎಂದಾಗುವುದರಿಂದಲೇ ಅದು ಇಂಗ್ಲಿಷ್ ಬಲ್ಲವರ ಕಿವಿಗೆ ವಿಚಿತ್ರವಾಗಿ ಕೇಳುತ್ತದೆ.

ಪ್ರಶ್ನೆ: ಕ್ರಿಯಾಪದದ ಮುಂದೆ ಬರುವುದು ಕ್ರಿಯಾವಿಶೇಷಣ ಎಂದು ಕಲಿತಿದ್ದೇನೆ. ಆದರೆ ‘ಶೀ ಲುಕ್ಡ್ ಆ್ಯಂಗ್ರಿ’ ಎಂಬುದೂ ಸರಿ, ‘ಶೀ ಲುಕ್ಡ್ ಆ್ಯಂಗ್ರಿಲಿ ಅಟ್ ದಿ ಲೆಟರ್’ ಎಂಬುದೂ ಸರಿ ಎನ್ನುತ್ತಾರೆ. ‘ಲುಕ್ಡ್’ ಎಂಬುದು ಎರಡರಲ್ಲೂ ಕ್ರಿಯಾಪದವೇ ಅಲ್ಲವೇ?

ಉತ್ತರ: ಎರಡರಲ್ಲೂ ಕ್ರಿಯಾಪದವೇ. ಆದರೆ ಅವು ಒಂದೇ ಕ್ರಿಯಾಪದವಲ್ಲ, ಮತ್ತು ಇದನ್ನು ಗುರುತಿಸುವುದರಲ್ಲಿ ಕನ್ನಡ ನಿಮಗೆ ಇಂಗ್ಲಿಷಿಗಿಂತ ಹೆಚ್ಚು ನೆರವಾಗುತ್ತದೆ. ಇಂಗ್ಲಿಷಿನ ‘ಲುಕ್’ ನಮ್ಮಲ್ಲಿ ಎರಡಾಗಿ ಒಡೆಯುತ್ತದೆ: ‘ಕಾಣು’ ಮತ್ತು ‘ನೋಡು’. ‘ಅವಳು ಕೋಪಗೊಂಡಂತೆ ಕಂಡಳು’ ಎಂಬಲ್ಲಿ ಅವಳು ಏನನ್ನೂ ಮಾಡುತ್ತಿಲ್ಲ. ಅವಳು ಹೇಗಿದ್ದಾಳೆ ಎಂದಷ್ಟೇ ವಾಕ್ಯ ತಿಳಿಸುತ್ತದೆ. ‘ಅವಳು ಪತ್ರವನ್ನು ಕೋಪದಿಂದ ನೋಡಿದಳು’ ಎಂಬಲ್ಲಿ ನೋಡುವ ಕೆಲಸ ನಡೆದಿದೆ, ಕೋಪ ಆ ನೋಟಕ್ಕೆ ಸೇರಿದೆ. ‘ಕಾಣು’ ಎಂಬ ಅರ್ಥವಿದ್ದರೆ ಗುಣವಾಚಕ, ‘ನೋಡು’ ಎಂಬ ಅರ್ಥವಿದ್ದರೆ ಕ್ರಿಯಾವಿಶೇಷಣ.

ಇಂದ್ರಿಯಗಳಿಗೆ ಸಂಬಂಧಿಸಿದ ಇತರ ಕ್ರಿಯಾಪದಗಳೂ ಹೀಗೆಯೇ ಒಡೆಯುತ್ತವೆ. ‘ಸ್ಮೆಲ್’ ಎಂಬುದು ಒಮ್ಮೆ ‘ಪರಿಮಳ ಬೀರು’, ಇನ್ನೊಮ್ಮೆ ‘ಮೂಸು’. ‘ಟೇಸ್ಟ್’ ಎಂಬುದು ಒಮ್ಮೆ ‘ರುಚಿಸು’, ಇನ್ನೊಮ್ಮೆ ‘ರುಚಿ ನೋಡು’. ‘ಫೀಲ್’ ಎಂಬುದು ಒಮ್ಮೆ ‘ಅನ್ನಿಸು’, ಇನ್ನೊಮ್ಮೆ ‘ಮುಟ್ಟಿ ನೋಡು’. ಆದ್ದರಿಂದ ಗುಲಾಬಿಯ ಪರಿಮಳವನ್ನು ಹೇಳುವಾಗ ‘ದಿ ರೋಸ್ ಸ್ಮೆಲ್ಸ್ ಸ್ವೀಟ್’ ಎನ್ನಬೇಕೇ ಹೊರತು ‘ಸ್ವೀಟ್ಲಿ’ ಎನ್ನಬಾರದು, ಏಕೆಂದರೆ ಹೂವು ಏನನ್ನೂ ಮೂಸುತ್ತಿಲ್ಲ. ಮನಸ್ಸಿಗೆ ಬೇಸರವಾದಾಗ ‘ಐ ಫೀಲ್ ಬ್ಯಾಡ್’ ಎನ್ನುವುದೂ ಇದೇ ಕಾರಣಕ್ಕೆ. ‘ಐ ಫೀಲ್ ಬ್ಯಾಡ್ಲಿ’ ಎಂಬ ಬಳಕೆ ಇಂಗ್ಲಿಷ್ ಮಾತೃಭಾಷೆಯವರ ಬಾಯಲ್ಲೂ ಆಗಾಗ ಕೇಳಿಬರುತ್ತದೆಯಾದರೂ ಬರವಣಿಗೆಯಲ್ಲಿ ‘ಬ್ಯಾಡ್’ ಎಂಬುದನ್ನೇ ಇಟ್ಟುಕೊಳ್ಳುವುದು ಲೇಸು.

‘ಬಿಕಮ್’, ‘ಸೀಮ್’, ‘ರಿಮೇನ್’, ‘ಸ್ಟೇ’ ಮುಂತಾದವೂ ಈ ಗುಂಪಿನವೇ. ಇಂಗ್ಲಿಷ್ ಕ್ರಿಯಾಪದವನ್ನು ಕನ್ನಡಕ್ಕೆ ತಂದಾಗ ಅದು ‘ಇರು’, ‘ಆಗು’, ‘ಕಾಣು’, ‘ಅನ್ನಿಸು’ ಎಂಬುವುಗಳಲ್ಲಿ ಒಂದಾಗಿ ಇಳಿದರೆ ಅದರ ಮುಂದೆ ಗುಣವಾಚಕ ಬರುತ್ತದೆಂದು ಇಟ್ಟುಕೊಳ್ಳಿ: ‘ಹಿಸ್ ಫೇಸ್ ಟರ್ನ್ಡ್ ಪೇಲ್’, ಅವನ ಮುಖ ಬಿಳಿಚಿತು ಅಥವಾ ಬಿಳುಪಾಯಿತು, ‘ಹೀ ಟರ್ನ್ಡ್ ಸಡನ್ಲಿ’, ಅವನು ತಟ್ಟನೆ ತಿರುಗಿದ.

ಪ್ರಶ್ನೆ: ಕೆಲಸಕ್ಕೆ ಅರ್ಜಿ ಬರೆಯುವಾಗ ‘ಐ ಹ್ಯಾವ್ ವರ್ಕ್ಡ್ ಹಾರ್ಡ್ಲಿ ಫಾರ್ ತ್ರೀ ಇಯರ್ಸ್’ ಎಂದು ಬರೆದೆ. ಅರ್ಥ ತಲೆಕೆಳಗಾಯಿತು ಎಂದು ಸ್ನೇಹಿತರೊಬ್ಬರು ತಿದ್ದಿದರು. ‘ಲಿ’ ಸೇರಿಸಿದರೆ ಕ್ರಿಯಾವಿಶೇಷಣವಾಗುತ್ತದೆ ಎಂಬ ನಿಯಮವನ್ನೇ ಪಾಲಿಸಿದ್ದೆನಲ್ಲ?

ಉತ್ತರ: ಅರ್ಜಿ ಕಳುಹಿಸುವ ಮೊದಲೇ ತಿದ್ದಿದ ಆ ಸ್ನೇಹಿತರು ನಿಮಗೆ ನಿಜವಾದ ಉಪಕಾರ ಮಾಡಿದ್ದಾರೆ. ‘ಹಾರ್ಡ್ಲಿ’ ಎಂದರೆ ‘ಇಲ್ಲವೆನ್ನುವಷ್ಟು ಕಡಿಮೆ’. ನಿಮ್ಮ ವಾಕ್ಯವನ್ನು ಓದಿದವರು ನೀವು ಮೂರು ವರ್ಷ ಕೆಲಸವನ್ನೇ ಮಾಡಿಲ್ಲವೆಂದು ತಿಳಿಯುವ ಸಂಭವವಿತ್ತು. ‘ಶ್ರಮಪಟ್ಟು’ ಎಂಬ ಅರ್ಥಕ್ಕೆ ಕ್ರಿಯಾವಿಶೇಷಣ ‘ಹಾರ್ಡ್’ ಎಂಬುದೇ: ‘ಐ ಹ್ಯಾವ್ ವರ್ಕ್ಡ್ ಹಾರ್ಡ್’.

ಇಂಥ ಅಪವಾದಗಳಿಗೆ ಕಾರಣವಿದೆ. ಸುಮಾರು ಹನ್ನೆರಡನೆಯ ಶತಮಾನಕ್ಕೆ ಮೊದಲಿನ ಹಳೆಯ ಇಂಗ್ಲಿಷಿನಲ್ಲಿ ಗುಣವಾಚಕದ ಕೊನೆಗೆ ‘ಎ’ ಎಂಬ ಒಂದು ಸ್ವರವನ್ನು ಸೇರಿಸಿ ಕ್ರಿಯಾವಿಶೇಷಣವನ್ನು ಮಾಡುತ್ತಿದ್ದರು. ಮುಂದೆ ಉಚ್ಚಾರಣೆಯಲ್ಲಿ ಪದದ ಕೊನೆಯ ಆ ಸ್ವರ ಸವೆದುಹೋದಾಗ ‘ಹಾರ್ಡ್’, ‘ಫಾಸ್ಟ್’ ಮುಂತಾದ ಪದಗಳಲ್ಲಿ ಗುಣವಾಚಕವೂ ಕ್ರಿಯಾವಿಶೇಷಣವೂ ಒಂದೇ ರೂಪಕ್ಕೆ ಬಂದು ನಿಂತವು. ‘ಲಿ’ ಎಂಬುದರ ಮೂಲ ಬೇರೆ. ದೇಹ, ಆಕಾರ ಎಂಬ ಅರ್ಥದ ಹಳೆಯ ಪದವೊಂದು ಪ್ರತ್ಯಯವಾಗಿ ‘ಅದರ ರೂಪದ’ ಎಂಬ ಅರ್ಥ ಕೊಡುತ್ತಿತ್ತು. ಇಂದಿನ ‘ಲೈಕ್’ ಎಂಬ ಪದವೂ ಅದರ ಬಂಧುವೇ. ಅಂದರೆ ‘ಲಿ’ ಮೊದಲಿಗೆ ಗುಣವಾಚಕವನ್ನೇ ಹುಟ್ಟಿಸುತ್ತಿದ್ದ ಪ್ರತ್ಯಯ. ಕೊನೆಯ ಸ್ವರಗಳು ಬಿದ್ದುಹೋದ ಮೇಲೆ ಕ್ರಿಯಾವಿಶೇಷಣವನ್ನು ಗುರುತಿಸುವ ಭಾರ ಹೆಚ್ಚಾಗಿ ಅದರ ಮೇಲೆ ಬಿತ್ತು.

ಈ ಹಿನ್ನೆಲೆ ತಿಳಿದರೆ ‘ಫ್ರೆಂಡ್ಲಿ’ ಎಂಬುದು ಏಕೆ ಗುಣವಾಚಕ ಎಂಬುದೂ ಅರ್ಥವಾಗುತ್ತದೆ: ಅದು ‘ಸ್ನೇಹಿತನ ರೂಪದ’ ಎಂಬುದು. ನಾಮಪದಕ್ಕೆ ‘ಲಿ’ ಸೇರಿದರೆ ಬಹುಮಟ್ಟಿಗೆ ಗುಣವಾಚಕ, ಉದಾಹರಣೆಗೆ ‘ಕವರ್ಡ್ಲಿ’, ‘ಮದರ್ಲಿ’, ‘ಲವ್ಲಿ’. ಗುಣವಾಚಕಕ್ಕೆ ‘ಲಿ’ ಸೇರಿದರೆ ಬಹುಮಟ್ಟಿಗೆ ಕ್ರಿಯಾವಿಶೇಷಣ, ಉದಾಹರಣೆಗೆ ‘ಸ್ಲೋಲಿ’, ‘ಕ್ಲಿಯರ್ಲಿ’. ಬಹುಮಟ್ಟಿಗೆ ಎಂದೆ, ಏಕೆಂದರೆ ‘ಎಲ್ಡರ್ಲಿ’, ‘ಲೋನ್ಲಿ’ ಎಂಬಂಥವು ಈ ಗೆರೆಯನ್ನು ದಾಟುತ್ತವೆ. ‘ಅವನು ಸ್ನೇಹದಿಂದ ಮಾತನಾಡಿದ’ ಎನ್ನಲು ‘ಹೀ ಸ್ಪೋಕ್ ಫ್ರೆಂಡ್ಲಿ’ ಎನ್ನಲಾಗದು. ‘ಹೀ ಸ್ಪೋಕ್ ಇನ್ ಎ ಫ್ರೆಂಡ್ಲಿ ವೇ’ ಎಂದು ಸುತ್ತಿ ಹೇಳಬೇಕು.

‘ಹಾರ್ಡ್’ನಂತೆಯೇ ‘ಲೇಟ್’, ‘ನಿಯರ್’, ‘ಹೈ’ ಎಂಬುವೂ ತಾವಾಗಿಯೇ ಕ್ರಿಯಾವಿಶೇಷಣಗಳು, ಮತ್ತು ‘ಲಿ’ ಸೇರಿದಾಗ ಅವುಗಳ ಅರ್ಥ ಪಕ್ಕಕ್ಕೆ ಸರಿಯುತ್ತದೆ. ‘ಲೇಟ್’ ಎಂದರೆ ತಡವಾಗಿ, ‘ಲೇಟ್ಲಿ’ ಎಂದರೆ ಇತ್ತೀಚೆಗೆ. ‘ನಿಯರ್’ ಎಂದರೆ ಹತ್ತಿರ, ‘ನಿಯರ್ಲಿ’ ಎಂದರೆ ಹೆಚ್ಚುಕಡಿಮೆ. ‘ಹೈ’ ಎಂದರೆ ಎತ್ತರದಲ್ಲಿ, ‘ಹೈಲಿ’ ಎಂದರೆ ಬಹಳವಾಗಿ. ಹಕ್ಕಿ ‘ಹೈ’ ಹಾರುತ್ತದೆ, ಜನ ಒಬ್ಬರನ್ನು ‘ಹೈಲಿ’ ಗೌರವಿಸುತ್ತಾರೆ. ‘ಫಾಸ್ಟ್’ಗೆ ಮಾತ್ರ ‘ಲಿ’ ಸೇರಿದ ರೂಪವೇ ಬಳಕೆಯಲ್ಲಿಲ್ಲ.

ಇನ್ನೊಂದು ಎಚ್ಚರಿಕೆ. ‘ಹಾರ್ಡ್ಲಿ’ಯೊಳಗೆ ನಿಷೇಧ ಆಗಲೇ ಸೇರಿದೆ. ‘ನಿಮ್ಮ ಮಾತು ಕೇಳಿಸುವುದೇ ಇಲ್ಲ’ ಎಂಬ ಕನ್ನಡದಲ್ಲಿ ‘ಇಲ್ಲ’ ಇರುವುದರಿಂದ ನಾವು ‘ಐ ಕಾಂಟ್ ಹಾರ್ಡ್ಲಿ ಹಿಯರ್ ಯೂ’ ಎಂದುಬಿಡುತ್ತೇವೆ. ‘ಐ ಕೆನ್ ಹಾರ್ಡ್ಲಿ ಹಿಯರ್ ಯೂ’ ಎಂಬುದು ಸರಿ.

ಪ್ರಶ್ನೆ: ‘ಹೀ ಈಸ್ ಟಾಲ್ ದ್ಯಾನ್ ಮೀ’, ‘ದಿಸ್ ಈಸ್ ಮೋರ್ ಬೆಟರ್’. ನನ್ನ ವಿದ್ಯಾರ್ಥಿಗಳು ಈ ಎರಡು ತಪ್ಪುಗಳನ್ನು ಎಷ್ಟು ತಿದ್ದಿದರೂ ಬಿಡುವುದಿಲ್ಲ. ಒಂದರಲ್ಲಿ ಪ್ರತ್ಯಯ ಸಾಲದು, ಇನ್ನೊಂದರಲ್ಲಿ ಹೆಚ್ಚಾಗಿದೆ. ಒಬ್ಬರೇ ಎರಡನ್ನೂ ಹೇಗೆ ಮಾಡುತ್ತಾರೆ?

ಉತ್ತರ: ಒಂದೇ ಬೇರಿನಿಂದ ಎರಡೂ ಹುಟ್ಟುತ್ತವೆ. ‘ಅವನು ನನಗಿಂತ ಎತ್ತರ’ ಎಂಬ ವಾಕ್ಯದಲ್ಲಿ ‘ಎತ್ತರ’ ಎಂಬ ಪದ ಒಂದಿಷ್ಟೂ ಬದಲಾಗಿಲ್ಲ. ಹೋಲಿಕೆಯ ಭಾರವನ್ನೆಲ್ಲ ‘ಗಿಂತ’ ಒಂದೇ ಹೊತ್ತಿದೆ. ಇಂಗ್ಲಿಷಿನಲ್ಲಿ ಆ ಭಾರ ಎರಡು ಕಡೆ ಹಂಚಿಹೋಗುತ್ತದೆ, ಅರ್ಧ ‘ಟಾಲರ್’ ಎಂಬ ರೂಪದಲ್ಲಿ, ಅರ್ಧ ‘ದ್ಯಾನ್’ ಎಂಬುದರಲ್ಲಿ. ಕನ್ನಡದ ಕಿವಿಗೆ ‘ದ್ಯಾನ್’ ಬಂದರೆ ಸಾಕಾಯಿತು ಅನ್ನಿಸುವುದರಿಂದ ‘ಟಾಲ್’ ಹಾಗೆಯೇ ಉಳಿಯುತ್ತದೆ. ಇನ್ನು ‘ಬೆಟರ್’ ಎಂಬುದನ್ನು ಮಕ್ಕಳು ‘ಒಳ್ಳೆಯದು’ ಎಂದಷ್ಟೇ ಕಲಿತಿರುತ್ತಾರೆ. ಅದರೊಳಗೆ ಹೋಲಿಕೆ ಇದೆ ಎಂಬುದು ಅವರಿಗೆ ಕೇಳಿಸುವುದಿಲ್ಲ. ಆದ್ದರಿಂದ ‘ಇನ್ನೂ ಒಳ್ಳೆಯದು’ ಎಂಬಲ್ಲಿನ ‘ಇನ್ನೂ’ಗೆ ‘ಮೋರ್’ ಹಾಕುತ್ತಾರೆ. ‘ಇನ್ನೂ’ ಎಂಬುದಕ್ಕೆ ಅಲ್ಲಿ ‘ಈವನ್ ಬೆಟರ್’ ಅಥವಾ ‘ಸ್ಟಿಲ್ ಬೆಟರ್’ ಇದೆ ಎಂದು ಹೇಳಿಕೊಡಿ. ‘ಮೋರ್’ ಬೇಡವೆನ್ನುವುದಕ್ಕಿಂತ ಅದರ ಜಾಗಕ್ಕೆ ಬೇರೊಂದು ಪದವನ್ನು ಕೊಡುವುದು ಹೆಚ್ಚು ಫಲ ಕೊಡುತ್ತದೆ.

ರೂಪದ ನಿಯಮ ನಿಮಗೆ ತಿಳಿದೇ ಇರುತ್ತದೆ: ಒಂದೇ ಉಚ್ಚಾರಾಂಶದ ಗುಣವಾಚಕಗಳಿಗೂ ‘ಹ್ಯಾಪಿ’ಯಂತೆ ‘ಇ’ ಧ್ವನಿಯಿಂದ ಮುಗಿಯುವ ಎರಡು ಉಚ್ಚಾರಾಂಶದ ಪದಗಳಿಗೂ ‘ಅರ್’ ಸೇರುತ್ತದೆ, ಉದ್ದದ ಪದಗಳಿಗೂ ‘ಲಿ’ ಸೇರಿ ಆದ ಕ್ರಿಯಾವಿಶೇಷಣಗಳಿಗೂ ‘ಮೋರ್’ ಬರುತ್ತದೆ. ‘ಎಲ್ಲರಿಗಿಂತ ಎತ್ತರದವನು’ ಎಂಬುದನ್ನು ಮಾತ್ರ ಜಾಗ್ರತೆಯಿಂದ ನೋಡಿ. ‘ಟಾಲರ್ ದ್ಯಾನ್ ಆಲ್’ ಎಂದರೆ ಆ ‘ಎಲ್ಲರಲ್ಲಿ’ ಅವನೂ ಸೇರಿಬಿಡುತ್ತಾನೆ. ‘ದಿ ಟಾಲೆಸ್ಟ್ ಆಫ್ ಆಲ್’ ಎನ್ನಬೇಕು, ಇಲ್ಲವೇ ‘ಟಾಲರ್ ದ್ಯಾನ್ ಆಲ್ ದಿ ಅದರ್ಸ್’ ಎನ್ನಬೇಕು. ಲ್ಯಾಟಿನ್ನಿನಿಂದ ಬಂದ ‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’ ಪದಗಳಿಗೆ ‘ದ್ಯಾನ್’ ಬದಲು ‘ಟು’ ಬರುತ್ತದೆ.

ಪ್ರಶ್ನೆ: ‘ಐ ಆಮ್ ಟೂ ಹ್ಯಾಪಿ’ ಎಂದರೆ ತಪ್ಪೇ?

ಉತ್ತರ: ತುಂಬಾ ಸಂತೋಷವಾಗಿದೆ ಎಂಬ ಅರ್ಥದಲ್ಲಿ ತಪ್ಪು. ‘ವೆರಿ’ ಎಂದರೆ ತುಂಬಾ. ‘ಟೂ’ ಎಂದರೆ ಮಿತಿ ಮೀರಿದ್ದು. ‘ಅತಿಯಾದರೆ ಅಮೃತವೂ ವಿಷ’ ಎಂಬ ನಮ್ಮ ಗಾದೆಯ ‘ಅತಿ’ ಇದೆಯಲ್ಲ, ಅದೇ ‘ಟೂ’. ಅದರ ಹಿಂದೆ ‘ಆದ್ದರಿಂದ ಆಗದು’ ಎಂಬ ಭಾವ ಇದ್ದೇ ಇರುತ್ತದೆ: ‘ದಿ ವಾಟರ್ ಈಸ್ ಟೂ ಹಾಟ್ ಟು ಡ್ರಿಂಕ್’.

ಪ್ರಶ್ನೆ: ‘ಬೋರಿಂಗ್’ ಮತ್ತು ‘ಬೋರ್ಡ್’, ‘ಟೈರಿಂಗ್’ ಮತ್ತು ‘ಟೈರ್ಡ್’. ಯಾವಾಗ ಯಾವುದನ್ನು ಬಳಸಬೇಕು?

ಉತ್ತರ: ಇಲ್ಲಿ ಕನ್ನಡದ ‘ಇಸು’ ಪ್ರತ್ಯಯ ನಿಮ್ಮ ಕೈ ಹಿಡಿಯುತ್ತದೆ. ದಣಿದ ಪ್ರಯಾಣಿಕ, ದಣಿಸುವ ಪ್ರಯಾಣ. ಹೆದರಿದ ಮಗು, ಹೆದರಿಸುವ ಕತ್ತಲು. ‘ಇಸು’ ಬರುವ ಕಡೆ ‘ಇಂಗ್’, ಬರದ ಕಡೆ ‘ಎಡ್’: ‘ಎ ಟೈರ್ಡ್ ಟ್ರಾವೆಲರ್’, ‘ಎ ಟೈರಿಂಗ್ ಜರ್ನಿ’. ‘ಐ ಆಮ್ ಬೋರಿಂಗ್’ ಎಂದರೆ ಬೇಸರ ನನಗೆ ಆಗಿಲ್ಲ, ನಾನು ಇತರರಿಗೆ ಬೇಸರ ಹುಟ್ಟಿಸುವವನು ಎಂದಾಗುತ್ತದೆ.

ಪ್ರಶ್ನೆ: ಕ್ರಿಯಾವಿಶೇಷಣವನ್ನು ವಾಕ್ಯದಲ್ಲಿ ಎಲ್ಲಿ ಇಡಬೇಕು ಎಂಬುದೇ ನನಗೆ ಗೊಂದಲ. ‘ಹೀ ಸ್ಪೀಕ್ಸ್ ವೆಲ್ ಇಂಗ್ಲಿಷ್’ ಎಂದು ಬರೆದರೆ ತಪ್ಪೆನ್ನುತ್ತಾರೆ; ‘ಓನ್ಲಿ’ಯಂತೂ ಎಲ್ಲಿ ಬೇಕಾದರೂ ಬರುತ್ತದೆ.

ಉತ್ತರ: ಮೊದಲನೆಯದು ಸುಲಭ. ಕನ್ನಡದಲ್ಲಿ ‘ಇಂಗ್ಲಿಷನ್ನು ಚೆನ್ನಾಗಿ ಮಾತನಾಡುತ್ತಾನೆ’ ಎಂದು ಕರ್ಮಕ್ಕೂ ಕ್ರಿಯೆಗೂ ನಡುವೆ ‘ಚೆನ್ನಾಗಿ’ ಕೂರುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮತ್ತು ಕರ್ಮ ಒಂದಕ್ಕೊಂದು ಅಂಟಿಕೊಂಡಿರಲು ಬಯಸುತ್ತವೆ, ನಡುವೆ ಇನ್ನೊಂದು ಪದವನ್ನು ಸಾಮಾನ್ಯವಾಗಿ ಬಿಟ್ಟುಕೊಳ್ಳುವುದಿಲ್ಲ: ‘ಹೀ ಸ್ಪೀಕ್ಸ್ ಇಂಗ್ಲಿಷ್ ವೆಲ್’. ‘ಆಲ್ವೇಸ್’, ‘ನೆವರ್’, ‘ಆಫನ್’ ಮುಂತಾದ, ಎಷ್ಟು ಸಲ ಎಂದು ಹೇಳುವ ಪದಗಳು ಮುಖ್ಯ ಕ್ರಿಯಾಪದದ ಹಿಂದೆ, ಆದರೆ ‘ಈಸ್’, ‘ಆರ್’ಗಳ ಮುಂದೆ ಬರುತ್ತವೆ: ‘ಶೀ ಆಲ್ವೇಸ್ ಕಮ್ಸ್ ಅರ್ಲಿ’, ‘ಶೀ ಈಸ್ ಆಲ್ವೇಸ್ ಅರ್ಲಿ’.

‘ಓನ್ಲಿ’ ಎಲ್ಲಿ ಬೇಕಾದರೂ ಬರುತ್ತದೆಂಬುದು ನಿಜ, ಆದರೆ ಬಂದಲ್ಲೆಲ್ಲ ಅರ್ಥವನ್ನು ಬದಲಿಸುತ್ತದೆ. ನಮ್ಮ ‘ಮಾತ್ರ’ವೂ ಹಾಗೆಯೇ. ‘ಅವಳು ಮಾತ್ರ ನನಗೆ ಪುಸ್ತಕ ಕೊಟ್ಟಳು’ ಎಂದರೆ ಬೇರೆ ಯಾರೂ ಕೊಡಲಿಲ್ಲ. ‘ಅವಳು ನನಗೆ ಮಾತ್ರ ಪುಸ್ತಕ ಕೊಟ್ಟಳು’ ಎಂದರೆ ಬೇರೆ ಯಾರಿಗೂ ಕೊಡಲಿಲ್ಲ. ‘ಅವಳು ನನಗೆ ಪುಸ್ತಕ ಮಾತ್ರ ಕೊಟ್ಟಳು’ ಎಂದರೆ ಬೇರೇನನ್ನೂ ಕೊಡಲಿಲ್ಲ. ಇವಕ್ಕೆ ಕ್ರಮವಾಗಿ ‘ಓನ್ಲಿ ಶೀ ಗೇವ್ ಮೀ ದಿ ಬುಕ್’, ‘ಶೀ ಗೇವ್ ದಿ ಬುಕ್ ಓನ್ಲಿ ಟು ಮೀ’, ‘ಶೀ ಗೇವ್ ಮೀ ಓನ್ಲಿ ದಿ ಬುಕ್’ ಎನ್ನಬೇಕು. ‘ಮಾತ್ರ’ ತಾನು ಹಿಡಿಯುವ ಪದದ ನಂತರ ಬರುತ್ತದೆ, ‘ಓನ್ಲಿ’ ಅದಕ್ಕಿಂತ ಮೊದಲು ಬರುತ್ತದೆ. ಮಾತಿನಲ್ಲಿ ಇಂಗ್ಲಿಷರೂ ‘ಓನ್ಲಿ’ಯನ್ನು ಕ್ರಿಯಾಪದದ ಹಿಂದೆ ಇಟ್ಟು ದನಿಯ ಒತ್ತಿನಿಂದ ಅರ್ಥ ತಿಳಿಸಿಬಿಡುತ್ತಾರೆ, ಬರವಣಿಗೆಯಲ್ಲಿ ದನಿ ಇಲ್ಲವಾದ್ದರಿಂದ ಸ್ಥಾನವೇ ಆ ಕೆಲಸ ಮಾಡಬೇಕು.

ಇದಕ್ಕಿಂತ ಆಳವಾಗಿ ಬೇರೂರಿರುವುದು ‘ಐ ಕೇಮ್ ಎಸ್ಟರ್‌ಡೇ ಓನ್ಲಿ’ ಎಂಬ ಬಳಕೆ. ‘ನಾನು ನಿನ್ನೆಯೇ ಬಂದೆ’ ಎಂಬಲ್ಲಿನ ‘ಏ’ ಒತ್ತನ್ನು ಕೊಡುವ ಅಕ್ಷರವೇ ಹೊರತು ‘ಮಾತ್ರ’ ಎಂಬ ಅರ್ಥದ್ದಲ್ಲ. ಅದನ್ನು ‘ಓನ್ಲಿ’ ಎಂದು ಅನುವಾದಿಸಿದಾಗ ಕೇಳುವವರಿಗೆ ‘ನಿನ್ನೆಯಷ್ಟೇ ಬಂದೆ, ಬಂದು ಬಹಳ ಹೊತ್ತಾಗಿಲ್ಲ’ ಎಂಬ ಅರ್ಥ ಮುಟ್ಟಬಹುದು. ನೀವು ಹೇಳಹೊರಟದ್ದಕ್ಕೆ ಅದು ನೇರ ವಿರುದ್ಧ. ‘ಇಟ್ ವಾಸ್ ಎಸ್ಟರ್‌ಡೇ ದ್ಯಾಟ್ ಐ ಕೇಮ್’ ಎಂದರೆ ಆ ‘ಏ’ಯ ಒತ್ತು ಉಳಿಯುತ್ತದೆ.

ಪ್ರಶ್ನೆ: ಒಂದು ನಾಮಪದದ ಹಿಂದೆ ಮೂರು ನಾಲ್ಕು ಗುಣವಾಚಕಗಳು ಬಂದರೆ ಯಾವ ಕ್ರಮದಲ್ಲಿ ಇಡಬೇಕು?

ಉತ್ತರ: ನಮ್ಮ ಅಭಿಪ್ರಾಯ, ಗಾತ್ರ, ವಯಸ್ಸು, ಆಕಾರ, ಬಣ್ಣ, ಮೂಲ, ಮಾಡಿದ ವಸ್ತು ಎಂಬುದು ಸಾಮಾನ್ಯ ಕ್ರಮ. ಇದನ್ನು ಉರುಹೊಡೆಯಬೇಕಾಗಿಲ್ಲ. ‘ಸುಂದರವಾದ ಹಳೆಯ ಮರದ ಮೇಜು’ ಎಂಬುದನ್ನು ‘ಮರದ ಹಳೆಯ ಸುಂದರವಾದ ಮೇಜು’ ಎಂದು ತಿರುಗಿಸಿ ಓದಿದರೆ ನಿಮ್ಮ ಕಿವಿಯೇ ಒಪ್ಪುವುದಿಲ್ಲ. ‘ಎ ಬ್ಯೂಟಿಫುಲ್ ಓಲ್ಡ್ ವುಡನ್ ಟೇಬಲ್’ ಎಂಬಲ್ಲಿಯೂ ಅದೇ ಕ್ರಮ: ವಸ್ತುವಿನಿಂದ ಬೇರೆಯಾಗದ ಗುಣ ನಾಮಪದಕ್ಕೆ ಹತ್ತಿರ, ನಮ್ಮ ಮೆಚ್ಚುಗೆ ದೂರ.

ಪ್ರಶ್ನೆ: ‘ಸಣ್ಣ ಸಣ್ಣ ಮಕ್ಕಳು ಮೆಲ್ಲಮೆಲ್ಲನೆ ನಡೆದು ಬಂದರು’ ಎಂಬುದನ್ನು ‘ಸ್ಮಾಲ್ ಸ್ಮಾಲ್ ಚಿಲ್ಡ್ರನ್ ಕೇಮ್ ಸ್ಲೋಲಿ ಸ್ಲೋಲಿ’ ಎಂದು ಬರೆದಿದ್ದೆ. ಇಂಗ್ಲಿಷಿನಲ್ಲಿ ಪದಗಳು ಜೋಡಿಯಾಗಿ ಬರುವುದೇ ಇಲ್ಲವೇ?

ಉತ್ತರ: ಬರುತ್ತವೆ, ಆದರೆ ಬೇರೆ ಉದ್ದೇಶಕ್ಕೆ. ‘ಎ ಲಾಂಗ್, ಲಾಂಗ್ ರೋಡ್’ ಎಂದರೆ ಬಹಳ ಉದ್ದವಾದ ಒಂದೇ ರಸ್ತೆ. ನಮ್ಮ ದ್ವಿರುಕ್ತಿ ಅದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ: ‘ಸಣ್ಣ ಸಣ್ಣ ಮಕ್ಕಳು’ ಎಂದಾಗ ಮಕ್ಕಳು ಹಲವರು, ಒಬ್ಬೊಬ್ಬರೂ ಸಣ್ಣವರು ಎಂಬ ಎರಡೂ ಸಂಗತಿಗಳು ಒಟ್ಟಿಗೆ ಬರುತ್ತವೆ. ಇಂಗ್ಲಿಷಿನಲ್ಲಿ ಹಲವರು ಎಂಬುದನ್ನು ‘ಚಿಲ್ಡ್ರನ್’ ಎಂಬ ಬಹುವಚನವೇ ಹೇಳಿಬಿಡುವುದರಿಂದ ಗುಣವಾಚಕವನ್ನು ಎರಡು ಸಲ ಹೇಳುವ ಅಗತ್ಯ ಬೀಳುವುದಿಲ್ಲ. ಅಲ್ಲದೆ ಪುಟ್ಟವರು ಎಂಬ ಅಕ್ಕರೆಯ ಭಾವಕ್ಕೆ ‘ಸ್ಮಾಲ್’ಗಿಂತ ‘ಲಿಟಲ್’ ಹೊಂದುತ್ತದೆ. ‘ಸ್ಮಾಲ್’ ಗಾತ್ರವನ್ನು ಅಳೆಯುವ ಪದ.

‘ಮೆಲ್ಲಮೆಲ್ಲನೆ’ ಇದಕ್ಕಿಂತ ಕಷ್ಟ. ಅದರಲ್ಲಿ ನಿಧಾನವೂ ಇದೆ, ಸದ್ದಿಲ್ಲದ ಮೃದುತನವೂ ಇದೆ, ಹೆಜ್ಜೆಯ ಮೇಲೆ ಹೆಜ್ಜೆ ಎಂಬ ಚಿತ್ರವೂ ಇದೆ. ಈ ಮೂರನ್ನೂ ಹೊರುವ ಒಂದೇ ಪದ ಇಂಗ್ಲಿಷಿನಲ್ಲಿ ಇಲ್ಲದ ಕಾರಣ ಸಂದರ್ಭ ನೋಡಿ ಆರಿಸಿಕೊಳ್ಳಬೇಕು: ಕ್ರಮಕ್ರಮವಾಗಿ ಎಂಬ ಅರ್ಥ ಮುಖ್ಯವಾದರೆ ‘ಲಿಟಲ್ ಬೈ ಲಿಟಲ್’, ವೇಗ ಕಡಿಮೆ ಎಂಬುದಷ್ಟೇ ಸಾಕಾದರೆ ‘ವೆರಿ ಸ್ಲೋಲಿ’. ನಿಮ್ಮ ವಾಕ್ಯದಲ್ಲಿ ಮಕ್ಕಳ ಹೆಜ್ಜೆಯ ಸದ್ದು ಕೇಳಿಸದಂತಿದೆ ಎಂದು ನನಗೆ ಅನ್ನಿಸಿದ್ದರಿಂದ ನಾನಾದರೆ ‘ದಿ ಲಿಟಲ್ ಚಿಲ್ಡ್ರನ್ ಕೇಮ್ ವಾಕಿಂಗ್ ಸಾಫ್ಟ್ಲಿ, ಸ್ಟೆಪ್ ಬೈ ಸ್ಟೆಪ್’ ಎಂದು ಬರೆಯುತ್ತೇನೆ.